ದೂರು ಬರೆಯುವವರು ಸಾವಿರ, ಕೇರುವವರು ಒಬ್ಬರೇ

ಪುಣೆಯ ಹಿಂಜೇವಾಡಿ ಇರಲಿ, ಹೈದರಾಬಾದಿನ ಗಚ್ಚಿಬೌಲಿ ಇರಲಿ, ಚೆನ್ನೈನ ಓಎಂಆರ್ ಇರಲಿ, ನಾವು ದುಡಿಯುವ ಸಾಫ್ಟ್‌ವೇರ್ ಕಚೇರಿಗಳಲ್ಲಿ ಒಂದು ವ್ಯವಸ್ಥೆ ಮಾತ್ರ ಎಲ್ಲ ಕಡೆಯೂ ಒಂದೇ. ಬಗ್ ಕಂಡರೆ ಟಿಕೆಟ್ ಏಳುತ್ತದೆ. ಟಿಕೆಟ್‌ಗೆ ಪಿ1, ಪಿ2 ಎಂಬ ದರ್ಜೆ, ದರ್ಜೆಗೊಂದು ಗಡುವು, ಗಡುವಿಗೊಬ್ಬ ಹೊಣೆಗಾರ. ಗಡುವು ಮೀರಿದರೆ ಮ್ಯಾನೇಜರ್ ಫೋನ್ ಬರುತ್ತದೆ. ಟಿಕೆಟ್ ಓದಿ, ವಿಂಗಡಿಸಿ, ಸರಿಯಾದವರಿಗೆ ಹಂಚುವುದಕ್ಕೆಂದೇ ಸಂಬಳ ಪಡೆಯುವವರೂ ಇರುತ್ತಾರೆ.

ಆದರೆ ಅದೇ ಕಚೇರಿಯ ಉತ್ಪನ್ನದ ಒಳಗೆ ಇಣುಕಿದರೆ ನಾವು ಬರೆದ ಕೋಡ್‌ಗಿಂತ ನಾವು ಬರೆಯದ ಕೋಡೇ ಹೆಚ್ಚು. ಅಲ್ಲಿ ಲಿನಕ್ಸ್ ಇದೆ, ಪೋಸ್ಟ್‌ಗ್ರೆಸ್ ಇದೆ, ಓಪನ್‌ಎಸ್‌ಎಸ್‌ಎಲ್ ಇದೆ, ಹೆಸರೇ ಕೇಳಿರದ ನೂರಾರು ಸಣ್ಣ ಲೈಬ್ರರಿಗಳಿವೆ. ಎಲ್ಲವೂ ಓಪನ್ ಸೋರ್ಸ್, ಎಲ್ಲವೂ ಪುಕ್ಕಟೆ. ಅಲ್ಲಿ ಬಗ್ ಕಂಡರೆ ಆ ದೂರು ಯಾರ ಮೇಜಿಗೆ ಹೋಗುತ್ತದೆ? ಲಿನಕ್ಸ್ ಕರ್ನಲ್‌ನಂಥ ದೊಡ್ಡ ಯೋಜನೆಗಳಲ್ಲಾದರೆ ಕಂಪನಿಗಳ ಸಂಬಳದಲ್ಲಿರುವ ಎಂಜಿನಿಯರುಗಳಿದ್ದಾರೆ. ಸಣ್ಣ ಲೈಬ್ರರಿಗಳ ಕತೆ ಬೇರೆ. ಹಗಲು ಇನ್ನೆಲ್ಲೋ ನೌಕರಿ ಮಾಡಿ, ಊಟ ಮುಗಿಸಿ, ರಾತ್ರಿ ಲ್ಯಾಪ್‌ಟಾಪ್ ತೆರೆಯುವ ಒಬ್ಬರು ಅಥವಾ ಇಬ್ಬರು ಅದನ್ನು ಓದಬೇಕು. ಇವರನ್ನು ಮೇಂಟೇನರ್ ಎನ್ನುತ್ತಾರೆ. ಇವರಿಗೆ ಗಡುವು ವಿಧಿಸುವ ಹಕ್ಕು ಯಾರಿಗೂ ಇಲ್ಲ, ಆದರೂ ವಿಧಿಸುವವರಿಗೆ ಕೊರತೆಯಿಲ್ಲ.

ನನ್ನ ವಾದ ಇಷ್ಟೇ. ಓಪನ್ ಸೋರ್ಸ್ ಲೋಕದಲ್ಲಿ ಕೋಡ್ ಬರೆಯುವವರು ಬೇಕಾದಷ್ಟು ಸಿಗುತ್ತಾರೆ. ಸಿಗದಿರುವುದು ಬಂದ ದೂರನ್ನು ಕೂತು ಓದಿ ಬೇರ್ಪಡಿಸುವವರು. ಇಷ್ಟೊಂದು ಎಂಜಿನಿಯರುಗಳಿರುವ ನಮ್ಮ ಉದ್ಯಮ ಈ ಕೊರತೆಯನ್ನು ತುಂಬಬಹುದು. ಸದ್ಯಕ್ಕೆ ಅದು ತುಂಬುತ್ತಿರುವುದು ದೂರಿನ ರಾಶಿಯನ್ನು.

ಈ ಬೇರ್ಪಡಿಸುವ ಕೆಲಸಕ್ಕೆ ‘ಟ್ರಿಯಾಜ್’ ಎನ್ನುತ್ತಾರೆ. ವಿಂಗಡಿಸು ಎಂಬರ್ಥದ ಫ್ರೆಂಚ್ ಪದ. ಯುದ್ಧಭೂಮಿಯಲ್ಲಿ ಗಾಯಾಳುಗಳು ರಾಶಿ ಬಿದ್ದಾಗ ಯಾರಿಗೆ ಈಗಲೇ ಚಿಕಿತ್ಸೆ, ಯಾರು ಕಾಯಬಹುದು ಎಂದು ತೀರ್ಮಾನಿಸುವ ವೈದ್ಯರ ಪದ್ಧತಿಯಿಂದ ಅದು ಪ್ರಸಿದ್ಧವಾಯಿತು. ನಮ್ಮ ಮನೆಗಳಲ್ಲಿ ಇದಕ್ಕಿಂತ ಚೆನ್ನಾಗಿ ಹೊಂದುವ ಮಾತಿದೆ: ಕೇರುವುದು. ಮೊರದಲ್ಲಿ ಕೇರಿದಾಗ ಜೊಳ್ಳು ಹಾರುತ್ತದೆ, ಕಾಳು ಉಳಿಯುತ್ತದೆ. ನೋಡುವವರಿಗೆ ಸುಲಭ. ಮಾಡಿ ನೋಡಿದವರಿಗೆ ಮಾತ್ರ ರಟ್ಟೆಯ ನೋವು ಗೊತ್ತು.

ಒಂದು ದೂರು ಬಂದಾಗ ಮೇಂಟೇನರ್ ಮಾಡುವುದೇನು? ಮೊದಲು, ಇದು ನಮ್ಮ ಪ್ರೋಗ್ರಾಮಿನ ದೂರೇ ಎಂದು ನೋಡಬೇಕು. ಎಷ್ಟೋ ಸಲ ತಪ್ಪು ಇನ್ನೊಂದು ಲೈಬ್ರರಿಯದ್ದಾಗಿರುತ್ತದೆ ಅಥವಾ ದೂರು ಕೊಟ್ಟವರ ಸೆಟ್ಟಿಂಗ್‌ನಲ್ಲಿರುತ್ತದೆ. ಎರಡನೆಯದು, ಇದೇ ದೂರು ಹಿಂದೆ ಬಂದಿದೆಯೇ? ಒಬ್ಬರು ‘ಕ್ರ್ಯಾಶ್ ಆಗುತ್ತಿದೆ’ ಎಂದು, ಇನ್ನೊಬ್ಬರು ‘ಫೈಲ್ ತೆರೆಯುತ್ತಿಲ್ಲ’ ಎಂದು ಬರೆದಿರುತ್ತಾರೆ. ಎರಡಕ್ಕೂ ಮೂಲ ಒಂದೇ ಇರಬಹುದು. ಮೂರನೆಯದು, ತನ್ನ ಯಂತ್ರದಲ್ಲಿ ಅದೇ ತೊಂದರೆಯನ್ನು ಮತ್ತೆ ಬರಿಸಲು ಆಗುತ್ತದೆಯೇ? ಇದೇ ಎಲ್ಲಕ್ಕಿಂತ ಕಷ್ಟದ್ದು. ಯಾವ ಆವೃತ್ತಿ, ಯಾವ ಆಪರೇಟಿಂಗ್ ಸಿಸ್ಟಂ, ಯಾವ ಫೈಲ್ ಎಂಬುದು ಗೊತ್ತಿಲ್ಲದೆ ಹುಡುಕುವುದೆಂದರೆ ಕತ್ತಲ ಕೋಣೆಯಲ್ಲಿ ಸೂಜಿ ಹುಡುಕಿದ ಹಾಗೆ. ನಾಲ್ಕನೆಯದು, ಇದು ಹಳೆಯ ದೋಷವೋ, ಇತ್ತೀಚಿನ ಬದಲಾವಣೆಯಿಂದ ಹುಟ್ಟಿದ್ದೋ? ನಿನ್ನೆಯವರೆಗೆ ಸರಿಯಿದ್ದದ್ದು ಇಂದು ಕೆಟ್ಟಿದ್ದರೆ ಅದಕ್ಕೆ ‘ರಿಗ್ರೆಶನ್’ ಎನ್ನುತ್ತಾರೆ. ಅದಕ್ಕೆ ಮೊದಲ ಮಣೆ. ಬಳಕೆದಾರರ ಪ್ರೋಗ್ರಾಂ ಹೊಸ ಆವೃತ್ತಿಯಿಂದ ಕೆಡಬಾರದು ಎಂಬುದು ಲಿನಕ್ಸ್ ಕರ್ನಲ್ ಬಳಗದ ಬಹು ಕಟ್ಟುನಿಟ್ಟಿನ ನಿಯಮ. ಕೊನೆಯದಾಗಿ, ಇದು ಎಷ್ಟು ಗಂಭೀರ, ಇದನ್ನು ಯಾರು ನೋಡಬೇಕು?

ಗಂಭೀರತೆಯ ವಿಚಾರದಲ್ಲಿ ಡೆಬಿಯನ್ ಬಳಗದ ಪದ್ಧತಿ ನೋಡುವಂಥದ್ದು. ಅಲ್ಲಿ ದೋಷಗಳಿಗೆ ಏಳು ಮೆಟ್ಟಿಲುಗಳಿವೆ. ಇಡೀ ವ್ಯವಸ್ಥೆಯನ್ನು ಹಾಳುಮಾಡುವ ಅಥವಾ ದತ್ತಾಂಶ ನಷ್ಟ ಮಾಡುವ ದೋಷ ಮೇಲಿನ ತುದಿಯಲ್ಲಿ. ‘ಹೀಗಿದ್ದರೆ ಚೆನ್ನಾಗಿರುತ್ತಿತ್ತು’ ಎಂಬ ಬಯಕೆ ಕೆಳಗಿನ ತುದಿಯಲ್ಲಿ. ಮೇಲಿನ ಮೂರು ಮೆಟ್ಟಿಲಿನ ದೋಷವಿರುವ ಪ್ಯಾಕೇಜ್ ಹೊಸ ಆವೃತ್ತಿಯ ಬಿಡುಗಡೆಗೆ ಯೋಗ್ಯವಲ್ಲ. ಇದರ ಲಾಭ ಏನೆಂದರೆ, ದೂರು ಕೊಟ್ಟವರ ದನಿ ಎಷ್ಟು ಜೋರು ಎಂಬುದರ ಮೇಲೆ ದರ್ಜೆ ನಿಲ್ಲುವುದಿಲ್ಲ. ದೂರು ಬರೆಯುವವರಿಗೆಲ್ಲ ತಮ್ಮ ತೊಂದರೆಯೇ ಪಿ1. ಅದು ಸಹಜ. ಆದರೆ ಯಾವುದು ಎಷ್ಟು ಜನರಿಗೆ, ಎಷ್ಟು ಹಾನಿ ಮಾಡುತ್ತದೆ ಎಂದು ತೂಗುವವರು ಬೇರೊಬ್ಬರು ಇರಲೇಬೇಕು.

ತೂಗಿದ ಮೇಲೆ ಕೆಲವಕ್ಕೆ ‘ಆಗುವುದಿಲ್ಲ’ ಎನ್ನಬೇಕಾಗುತ್ತದೆ. ಮೊಜಿಲ್ಲಾ ಬಳಗ 1998ರಲ್ಲಿ ಹೊರತಂದ ಬಗ್‌ಜಿಲ್ಲಾ ವ್ಯವಸ್ಥೆಯಿಂದ ‘ವೋಂಟ್‌ಫಿಕ್ಸ್’, ‘ವರ್ಕ್ಸ್‌ಫಾರ್‌ಮಿ’, ‘ಡೂಪ್ಲಿಕೇಟ್’ ಎಂಬ ಮೊಹರುಗಳು ಸಾಫ್ಟ್‌ವೇರ್ ಲೋಕಕ್ಕೆಲ್ಲ ಪರಿಚಯ. ಹೊರಗಿನವರಿಗೆ ಈ ಮೊಹರುಗಳು ದರ್ಪದಂತೆ ಕಾಣುತ್ತವೆ. ಒಪ್ಪಿದ ಪ್ರತಿ ಬೇಡಿಕೆಯನ್ನೂ ಮುಂದಿನ ಹತ್ತು ವರ್ಷ ಕಾಪಾಡಿಕೊಂಡು ಬರಬೇಕಾದವರು ಯಾರು ಎಂದು ಯೋಚಿಸಿದರೆ ಆ ‘ಇಲ್ಲ’ದ ಹಿಂದಿನ ಲೆಕ್ಕ ತಿಳಿಯುತ್ತದೆ. ಹೊಸ ಸೌಲಭ್ಯ ಕೇಳಿದವರು ನಾಳೆ ಇನ್ನೊಂದು ಕಂಪನಿ ಸೇರಿ ಇನ್ನೊಂದು ತಂತ್ರಜ್ಞಾನ ಹಿಡಿಯುತ್ತಾರೆ. ಕೋಡ್ ಮೇಂಟೇನರ್ ಕೊರಳಿಗೇ ಉಳಿಯುತ್ತದೆ.

ಈಗ ಈ ಮೊರದ ಮೇಲೆ ಬೀಳುತ್ತಿರುವ ಹೊರೆ ನೋಡಿ. ಕರ್ಲ್ ಎಂಬ ಸಾಧನವನ್ನು ನಮ್ಮಲ್ಲಿ ಬಳಸದವರೇ ಇಲ್ಲ. ಫೋನ್, ಟಿವಿ, ಕಾರುಗಳ ಒಳಗೂ ಅದಿದೆ. ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ ಮೂರು ದಶಕಗಳ ಹತ್ತಿರ ಅದನ್ನು ನಡೆಸಿಕೊಂಡು ಬಂದಿದ್ದಾರೆ. ಭದ್ರತಾ ದೋಷ ಹುಡುಕಿಕೊಟ್ಟವರಿಗೆ ಕರ್ಲ್ ಬಳಗ 2019ರಿಂದ ಬಹುಮಾನ ಕೊಡುತ್ತಿತ್ತು. ಎಐ ಚಾಟ್‌ಬಾಟ್‌ಗಳು ಬಂದ ಮೇಲೆ, ಕೋಡ್ ಓದದೆಯೇ ಚಾಟ್‌ಬಾಟ್ ಬರೆದುಕೊಟ್ಟ ದೂರನ್ನು ಹಾಗೇ ಕಳಿಸಿ ಬಹುಮಾನಕ್ಕೆ ಕೈಯೊಡ್ಡುವವರು ಹೆಚ್ಚಿದರು. 2025ರ ಜುಲೈನಲ್ಲಿ ಸ್ಟೆನ್‌ಬರ್ಗ್ ಕೊಟ್ಟ ಲೆಕ್ಕದಂತೆ, ಆ ವರ್ಷ ವಾರಕ್ಕೆ ಸುಮಾರು ಎರಡು ಭದ್ರತಾ ದೂರುಗಳು ಬರುತ್ತಿದ್ದವು. ಅವುಗಳಲ್ಲಿ ಶೇ 20ರಷ್ಟು ಎಐ ಕಸ. ನಿಜವಾದ ದೋಷವೆಂದು ಸಾಬೀತಾದದ್ದು ಶೇ 5ರಷ್ಟು ಮಾತ್ರ. ವಾರಕ್ಕೆ ಎರಡು ಎಂದರೆ ಕಡಿಮೆ ಅನ್ನಿಸಬಹುದು. ಆದರೆ ಒಂದೊಂದನ್ನೂ ಮೂರು ನಾಲ್ಕು ಜನ ಅರ್ಧ ಗಂಟೆಯಿಂದ ಕೆಲವೊಮ್ಮೆ ಮೂರು ಗಂಟೆಯವರೆಗೆ ಕೂತು ನೋಡಬೇಕು. ಭದ್ರತೆಯ ವಿಷಯವಾದ್ದರಿಂದ ಓದದೆ ಎಸೆಯುವಂತಿಲ್ಲ. ಕೊನೆಗೆ 2026ರ ಜನವರಿ ಅಂತ್ಯಕ್ಕೆ ಕರ್ಲ್ ಆ ಬಹುಮಾನ ಯೋಜನೆಯನ್ನೇ ನಿಲ್ಲಿಸಿತು.

ಇದರಲ್ಲಿ ಎಐ ಒಂದನ್ನೇ ದೂಷಿಸಿದರೆ ಸರಿಯಾಗದು. ಎಐ ಸಾಧನಗಳನ್ನು ಬಳಸಿ, ಅವು ಹೇಳಿದ್ದನ್ನು ತಾನೇ ಪರೀಕ್ಷಿಸಿ ಕಳಿಸಿದ ಒಬ್ಬ ಸಂಶೋಧಕನಿಂದ ಇದೇ ಕರ್ಲ್‌ಗೆ 2025ರಲ್ಲಿ ಹತ್ತಾರು ನಿಜವಾದ ದೋಷಗಳು ತಿಳಿದುಬಂದವು, ಸ್ಟೆನ್‌ಬರ್ಗ್ ಅದನ್ನು ಮೆಚ್ಚಿ ಬರೆದರು. ವ್ಯತ್ಯಾಸ ಇಷ್ಟೇ: ಒಬ್ಬರು ಕೇರಿ ಕಳಿಸಿದರು, ಉಳಿದವರು ಹೊಟ್ಟಿನ ಮೂಟೆಯನ್ನೇ ತಂದು ಬಾಗಿಲಿಗೆ ಸುರಿದರು.

ದೊಡ್ಡ ಕಂಪನಿಗಳೂ ಸುರಿಯುತ್ತವೆ, ಅದು ಶಿಸ್ತಿನ ರೂಪದಲ್ಲಿರುತ್ತದೆ ಅಷ್ಟೇ. ವಿಡಿಯೊ ಲೋಕದ ಬೆನ್ನೆಲುಬಾದ ಎಫ್‌ಎಫ್‌ಎಂಪೆಗ್‌ನಲ್ಲಿ ಗೂಗಲ್‌ನ ಎಐ ವ್ಯವಸ್ಥೆಯೊಂದು 2025ರಲ್ಲಿ ದೋಷ ಹುಡುಕಿತು. ದೋಷ ನಿಜವೇ. ಆದರೆ ಅದಿದ್ದದ್ದು 1995ರ ಒಂದು ವಿಡಿಯೊ ಗೇಮಿನ ಕಡತಗಳನ್ನು ತೆರೆಯುವ, ಯಾರೋ ಹವ್ಯಾಸಕ್ಕೆ ಬರೆದ ಭಾಗದಲ್ಲಿ. ಸ್ವಯಂಸೇವಕರು ಕೇಳಿದ ಪ್ರಶ್ನೆ ಸರಳ: ಹುಡುಕಲು ಇಷ್ಟು ಹಣ ಇರುವ ಕಂಪನಿ ರಿಪೇರಿಯ ತೇಪೆಯನ್ನೂ ಏಕೆ ಕಳಿಸಬಾರದು? ಗೂಗಲ್ ಪರವಾಗಿಯೂ ಒಂದು ಮಾತಿದೆ: ದೋಷ ಗೊತ್ತಿದ್ದೂ ಮುಚ್ಚಿಡುವುದಕ್ಕಿಂತ ತಿಳಿಸುವುದು ಒಳ್ಳೆಯದು. ಒಪ್ಪೋಣ. ಆದರೆ ತಿಳಿಸುವುದರ ಜತೆ ‘ಇಷ್ಟು ದಿನದಲ್ಲಿ ಬಹಿರಂಗ ಮಾಡುತ್ತೇವೆ’ ಎಂಬ ಗಡುವೂ ಬಂದಾಗ ಸಂಬಳವಿಲ್ಲದವನ ಭಾನುವಾರವನ್ನು ಸಂಬಳದವನು ನಿರ್ಧರಿಸಿದಂತಾಗುತ್ತದೆ. ಅದೇ ವರ್ಷದ ಜೂನ್‌ನಲ್ಲಿ ಲಿಬ್‌ಎಕ್ಸ್‌ಎಂಎಲ್2ರ ಮೇಂಟೇನರ್ ನಿಕ್ ವೆಲ್ನ್‌ಹೋಫರ್, ಇನ್ನು ಮುಂದೆ ಭದ್ರತಾ ದೂರುಗಳಿಗೆ ಗುಟ್ಟಿನ ಗಡುವು ಪಾಲಿಸುವುದಿಲ್ಲ, ಅವನ್ನೂ ಉಳಿದ ಬಗ್‌ಗಳಂತೆ ಸಮಯ ಸಿಕ್ಕಾಗ ನೋಡುತ್ತೇನೆ ಎಂದು ಘೋಷಿಸಿದರು. ವಾರಕ್ಕೆ ಹಲವು ಗಂಟೆ ಈ ದೂರುಗಳಿಗೇ ಹೋಗುತ್ತಿದ್ದವು, ಬಿಡಿಗಾಸು ಬರುತ್ತಿರಲಿಲ್ಲ.

ಇದೆಲ್ಲ ಯಾರೋ ಸ್ವಯಂಸೇವಕರ ಕಷ್ಟ, ನಮಗೇನು ಎನ್ನುವವರು ಎಕ್ಸ್‌ಜೆಡ್ ಪ್ರಕರಣವನ್ನು ನೆನೆಯಬೇಕು. ಎಕ್ಸ್‌ಜೆಡ್ ಎಂಬುದು ಕಡತಗಳನ್ನು ಕುಗ್ಗಿಸುವ ಸಣ್ಣ ಸಾಧನ, ಹೆಚ್ಚೂಕಡಿಮೆ ಎಲ್ಲ ಲಿನಕ್ಸ್ ಯಂತ್ರಗಳಲ್ಲೂ ಇರುವಂಥದ್ದು. ಅದನ್ನು ನೋಡಿಕೊಳ್ಳುತ್ತಿದ್ದವರು ಲಾಸೆ ಕೊಲಿನ್ ಒಬ್ಬರೇ. 2022ರಲ್ಲಿ ಕೆಲವು ಹೆಸರುಗಳಿಂದ ಅವರ ಮೇಲೆ ಒತ್ತಡ ಶುರುವಾಯಿತು: ಕೆಲಸ ನಿಧಾನ, ಇನ್ನೊಬ್ಬರಿಗೆ ಬಿಟ್ಟುಕೊಡಿ ಎಂದು. ತಮ್ಮ ಮಾನಸಿಕ ಆರೋಗ್ಯ ಸರಿಯಿಲ್ಲ, ಇದು ಸಂಬಳವಿಲ್ಲದ ಹವ್ಯಾಸದ ಯೋಜನೆ ಎಂದು ಅವರು ಬಹಿರಂಗವಾಗಿಯೇ ಉತ್ತರಿಸಿದರು. ಆ ಹೊತ್ತಿಗೆ ನೆರವಿಗೆ ನಿಂತವನು ‘ಜಿಯಾ ಟಾನ್’ ಎಂಬ ಹೆಸರಿನ ವ್ಯಕ್ತಿ. ತೇಪೆ ಕಳಿಸಿದ, ದೂರುಗಳಿಗೆ ಉತ್ತರಿಸಿದ, ನಂಬಿಕೆ ಗಳಿಸಿದ, ಕೀಲಿಕೈ ಪಡೆದ. 2024ರಲ್ಲಿ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು ಇಟ್ಟ. ಸರ್ವರ್‌ಗಳಿಗೆ ಕದ್ದು ನುಗ್ಗಲು ದಾರಿ ಮಾಡುವ ಹಿಂಬಾಗಿಲು ಅದು. ಅದು ಬಯಲಾದದ್ದು ಆ ವರ್ಷದ ಮಾರ್ಚ್ 29ರಂದು. ಮೈಕ್ರೋಸಾಫ್ಟ್‌ನಲ್ಲಿದ್ದ ಪೋಸ್ಟ್‌ಗ್ರೆಸ್ ಡೆವಲಪರ್ ಆಂಡ್ರೆಸ್ ಫ್ರಾಯ್ಂಡ್, ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದೆ ಎಂಬುದನ್ನು ಗಮನಿಸಿ, ಬಿಡದೆ ಬೆನ್ನುಹತ್ತಿ, ಮೂಲ ಹುಡುಕಿ, ಪುರಾವೆಗಳ ಸಮೇತ ವರದಿ ಬರೆದರು.

ಈ ಪ್ರಕರಣವನ್ನು ಬೇಹುಗಾರಿಕೆಯ ಕತೆಯಂತೆ ಹೇಳುವವರೇ ಹೆಚ್ಚು. ನನಗೆ ಅದರಲ್ಲಿ ಎರಡು ಬಗೆಯ ದೂರುದಾರರು ಕಾಣುತ್ತಾರೆ. ಒಬ್ಬಂಟಿಯನ್ನು ದಣಿಸಲು ದೂರನ್ನು ಆಯುಧ ಮಾಡಿಕೊಂಡವರು ಒಂದು ಕಡೆ. ಒಂದೇ ಒಂದು ಒಳ್ಳೆಯ ದೂರು ಬರೆದು ಲೆಕ್ಕವಿಲ್ಲದಷ್ಟು ಸರ್ವರ್‌ಗಳನ್ನು ಉಳಿಸಿದವರು ಇನ್ನೊಂದು ಕಡೆ. ಮೊದಲೇ ಯಾವುದಾದರೂ ಕಂಪನಿ ತನ್ನ ಒಬ್ಬ ಎಂಜಿನಿಯರ್‌ನನ್ನು ವಾರಕ್ಕೆ ಅರ್ಧ ದಿನ ಎಕ್ಸ್‌ಜೆಡ್‌ನ ದೂರುಗಳನ್ನು ನೋಡಲು ಕಳಿಸಿದ್ದರೆ, ಆ ಒಬ್ಬಂಟಿತನವೇ ಇರುತ್ತಿರಲಿಲ್ಲ. ನುಗ್ಗುವವನಿಗೆ ಸಿಕ್ಕಿದ್ದು ಅದೇ ಸಂದು.

ನಮ್ಮ ಕಡೆಯ ಮಾತಿಗೆ ಬರೋಣ. ಭಾರತದಿಂದ ಓಪನ್ ಸೋರ್ಸ್‌ಗೆ ಕೊಡುಗೆ ಹೆಚ್ಚುತ್ತಿದೆ ಎಂದು ಹೆಮ್ಮೆ ಪಡುತ್ತೇವೆ. ಹೆಮ್ಮೆಯ ಜತೆ ಇನ್ನೊಂದು ಮುಖವೂ ಇದೆ. 2020ರ ಅಕ್ಟೋಬರ್‌ನಲ್ಲಿ ‘ಹ್ಯಾಕ್ಟೋಬರ್‌ಫೆಸ್ಟ್’ ನಡೆದಾಗ ನಾಲ್ಕು ಬದಲಾವಣೆ ಕಳಿಸಿದವರಿಗೆ ಟಿ-ಶರ್ಟ್ ಸಿಗುತ್ತಿತ್ತು. ಒಂದು ಶಬ್ದ ಸೇರಿಸಿ, ಒಂದು ಅಲ್ಪವಿರಾಮ ಬದಲಿಸಿ ಕಳಿಸಿದವರ ಪ್ರವಾಹದಿಂದ ಮೇಂಟೇನರ್‌ಗಳು ಕಂಗೆಟ್ಟರು. ಇಷ್ಟವಿದ್ದ ಯೋಜನೆಗಳು ಮಾತ್ರ ಭಾಗವಹಿಸುವಂತೆ ಸಂಘಟಕರು ನಿಯಮವನ್ನೇ ಬದಲಿಸಬೇಕಾಯಿತು. 2024ರ ಆರಂಭದಲ್ಲಿ ಎಕ್ಸ್‌ಪ್ರೆಸ್ ಎಂಬ ಜನಪ್ರಿಯ ಚೌಕಟ್ಟಿಗೂ ಇದೇ ಗತಿ. ನಮ್ಮಲ್ಲಿ ಹೆಸರಾದ ಒಂದು ಪಾಠದ ವಿಡಿಯೊ ನೋಡಿದ ವಿದ್ಯಾರ್ಥಿಗಳು ಅದರ ಪರಿಚಯ ಕಡತದಲ್ಲಿ ತಂತಮ್ಮ ಹೆಸರು ಸೇರಿಸಲು ಸಾಲುಗಟ್ಟಿ ಕೋರಿಕೆ ಕಳಿಸಿದರು. ಆ ಮಕ್ಕಳನ್ನು ಗೇಲಿ ಮಾಡುವುದು ಸುಲಭ. ಆದರೆ ಸಂದರ್ಶನದಲ್ಲಿ ಅವರ ಗಿಟ್‌ಹಬ್ ಪುಟದ ಹಸಿರು ಚೌಕಗಳನ್ನು ಎಣಿಸುವವರು ನಾವೇ ಅಲ್ಲವೆ? ಎಣಿಕೆಗೆ ಅಂಕ ಕೊಟ್ಟರೆ ಎಣಿಕೆಯೇ ಬರುತ್ತದೆ. ಒಬ್ಬ ಅಭ್ಯರ್ಥಿ ಹತ್ತು ಹಳೆಯ ದೂರುಗಳನ್ನು ಪರೀಕ್ಷಿಸಿ, ಆರು ಈಗಿನ ಆವೃತ್ತಿಯಲ್ಲಿ ಸರಿಯಾಗಿವೆ, ಎರಡು ಒಂದೇ ದೂರು, ಎರಡು ಇನ್ನೂ ಹಾಗೇ ಇವೆ ಎಂದು ಬರೆದಿದ್ದರೆ, ಅದನ್ನು ಓದಿ ಮೆಚ್ಚುವ ಸಂದರ್ಶಕರು ನಮ್ಮಲ್ಲಿ ಎಷ್ಟು ಜನ?

ಮೇಂಟೇನರ್‌ಗಳೆಲ್ಲ ಸಂತರೆಂದು ನಾನು ಹೇಳುತ್ತಿಲ್ಲ. ಇಂತಿಷ್ಟು ದಿನ ಯಾರೂ ಮಾತಾಡದ ದೂರನ್ನು ತಾನಾಗಿ ಮುಚ್ಚಿಬಿಡುವ ರೋಬಾಟ್‌ಗಳನ್ನು ಹಲವು ಯೋಜನೆಗಳು ಇಟ್ಟುಕೊಂಡಿವೆ. ಶ್ರಮವಹಿಸಿ ಬರೆದ ನಿಜವಾದ ದೂರೂ ಅದರಲ್ಲಿ ಸತ್ತುಹೋಗುತ್ತದೆ. ಒರಟು ಉತ್ತರದಿಂದ ಹೊಸಬರನ್ನು ಓಡಿಸುವವರೂ ಇದ್ದಾರೆ. ದೂರು ತೆರೆದೇ ಇದ್ದರೆ ಯಾರಿಗೂ ನಷ್ಟವಿಲ್ಲ. ಪಟ್ಟಿ ಚಿಕ್ಕದಾಗಿ ಕಂಡ ಮಾತ್ರಕ್ಕೆ ಬಗ್ ಹೋಗುವುದೂ ಇಲ್ಲ. ಆದರೆ ಇವು ಹೆಚ್ಚಾಗಿ ಕೈ ಸಾಲದ ಕಡೆ ಹುಟ್ಟುವ ಚಟಗಳು. ಕೈ ಕೊಟ್ಟ ಮೇಲೆ ಟೀಕಿಸಿದರೆ ನಮ್ಮ ಮಾತಿಗೆ ತೂಕ ಬರುತ್ತದೆ.

ಕೈ ಕೊಡುವುದು ಹೇಗೆ? ಕಂಪನಿಗಳಿಂದ ಶುರುಮಾಡೋಣ. ಜಾಂಗೋ ಪ್ರತಿಷ್ಠಾನ 2014ರಿಂದ ‘ಫೆಲೋ’ಗಳಿಗೆ ಸಂಬಳ ಕೊಡುತ್ತಿದೆ. ಬಂದ ಟಿಕೆಟ್‌ಗಳನ್ನು ವಿಂಗಡಿಸುವುದು, ಬೇರೆಯವರ ಕೋಡ್ ಪರಿಶೀಲಿಸುವುದು ಅವರ ಮುಖ್ಯ ಕೆಲಸ. ಅಂದರೆ ಕೇರುವುದಕ್ಕೇ ಸಂಬಳ. ಬೆಂಗಳೂರಿನ ಜೆರೋಧಾ 2024ರಲ್ಲಿ ವರ್ಷಕ್ಕೆ 10 ಲಕ್ಷ ಡಾಲರ್‌ವರೆಗಿನ ಓಪನ್ ಸೋರ್ಸ್ ನಿಧಿ ಘೋಷಿಸಿತು. ಹಣ ಬೇಕು, ಒಳ್ಳೆಯದು. ಆದರೆ ಹಣ ದೂರು ಓದುವುದಿಲ್ಲ, ಓದಲು ಜನ ಬೇಕು. ತಾನು ಬಳಸುವ ಹತ್ತು ಲೈಬ್ರರಿಗಳನ್ನು ಪಟ್ಟಿಮಾಡಿ, ಒಂದೊಂದಕ್ಕೆ ಒಬ್ಬ ಎಂಜಿನಿಯರ್‌ನ ವಾರದ ಎರಡು ಗಂಟೆಯನ್ನು ಬಿಲ್ ಮಾಡಬಹುದಾದ ಕೆಲಸವೆಂದೇ ಎಣಿಸುವುದು ಯಾವ ಕಂಪನಿಗೂ ಭಾರವಲ್ಲ. ಕಾನೂನು ವಿಭಾಗದ ಅನುಮತಿ ಬೇಕು ಎಂಬ ತಡೆ ಕೋಡ್ ಕೊಡುಗೆಗೆ ಇರುತ್ತದೆ. ಹೊರಗಿನ ದೂರೊಂದನ್ನು ಪರೀಕ್ಷಿಸಿ ‘ನನ್ನ ಯಂತ್ರದಲ್ಲೂ ಹೀಗೇ ಆಗುತ್ತಿದೆ’ ಎಂದು ಬರೆಯುವುದರಲ್ಲಿ ಕಂಪನಿಯ ಒಂದು ಸಾಲು ಕೋಡೂ ಹೊರಹೋಗುವುದಿಲ್ಲ. ಹೀಗಾಗಿ ಅದಕ್ಕೆ ಒಪ್ಪಿಗೆ ಪಡೆಯುವುದು ಸುಲಭ.

ಒಬ್ಬೊಬ್ಬರಾಗಿಯೂ ಮಾಡಲು ಬೇಕಾದಷ್ಟಿದೆ. ಇಪ್ಪತ್ತು ಸಾವಿರ ಸಾಲಿನ ಪ್ರಾಜೆಕ್ಟ್‌ನಲ್ಲಿ ಬಂದ ದೋಷವನ್ನು ಇಪ್ಪತ್ತು ಸಾಲಿನ ಉದಾಹರಣೆಗೆ ಇಳಿಸಿಕೊಡುವುದು. ‘ಗಿಟ್ ಬೈಸೆಕ್ಟ್’ ಬಳಸಿ ಯಾವ ಬದಲಾವಣೆಯಿಂದ ಕೆಟ್ಟಿತು ಎಂದು ಹುಡುಕುವುದು. ಪ್ರತಿ ಸಲ ಅರ್ಧಕ್ಕರ್ಧ ಕತ್ತರಿಸುತ್ತ ಹೋಗುವುದರಿಂದ ಸಾವಿರ ಬದಲಾವಣೆಗಳ ನಡುವೆಯೂ ಹತ್ತು ಪರೀಕ್ಷೆಗಳಲ್ಲಿ ತಪ್ಪು ಸಿಗುತ್ತದೆ. ಹಳೆಯ ದೂರನ್ನು ಹೊಸ ಆವೃತ್ತಿಯಲ್ಲಿ ಪರೀಕ್ಷಿಸಿ ಫಲಿತಾಂಶ ಬರೆಯುವುದು. ‘ನನಗೂ ಇದೇ ತೊಂದರೆ, ಯಾವಾಗ ಸರಿಮಾಡುತ್ತೀರಿ’ ಎಂದು ಬರೆಯುವ ಕೈಯನ್ನು ತಡೆಯುವುದೂ ಒಂದು ಸೇವೆಯೇ.

ಕನ್ನಡಿಗರಾದ ನಾವು ಮಾತ್ರ ಮಾಡಬಲ್ಲ ಕೆಲಸವೂ ಒಂದಿದೆ. ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆಆಫೀಸ್‌ಗಳಲ್ಲಿ ಕನ್ನಡದ ಒತ್ತಕ್ಷರ, ಕಾಗುಣಿತಗಳನ್ನು ಜೋಡಿಸಿ ತೋರಿಸುವುದು ಹಾರ್ಫ್‌ಬಝ್ ಎಂಬ ಓಪನ್ ಸೋರ್ಸ್ ಲೈಬ್ರರಿ. ‘ಸೂರ್ಯ’ದಲ್ಲಿ ರಕಾರ ಅರ್ಕಾವೊತ್ತಾಗಿ ಹಿಂದೆ ಹೋಗಬೇಕು, ‘ರ‍್ಯಾಂಕ್’ನಲ್ಲಿ ರಕಾರ ಮುಂದೆಯೇ ನಿಂತು ಯಕಾರ ಒತ್ತಾಗಬೇಕು. ಇದು ನಮ್ಮ ಒಂದನೇ ತರಗತಿಯ ಮಗುವಿಗೂ ಗೊತ್ತು. ಎಲ್ಲೋ ದೂರದ ದೇಶದಲ್ಲಿ ಕೂತ, ಕನ್ನಡ ಓದಲು ಬಾರದ ಮೇಂಟೇನರ್‌ಗೆ ಗೊತ್ತಿರಬೇಕೆಂದು ನಿರೀಕ್ಷಿಸುವಂತಿಲ್ಲ. ‘ಕನ್ನಡ ಸರಿಯಾಗಿ ಬರುತ್ತಿಲ್ಲ’ ಎಂಬ ಒಂದು ಸಾಲಿನ ದೂರಿಗೆ ಅವರು ಏನು ಮಾಡಿಯಾರು? ತಪ್ಪು ತೋರಿಸುತ್ತಿರುವ ಪದ, ಅದರ ಯೂನಿಕೋಡ್ ಸಂಕೇತಗಳು ಅನುಕ್ರಮವಾಗಿ, ಫಾಂಟ್ ಹೆಸರು ಮತ್ತು ಆವೃತ್ತಿ, ಈಗ ಕಾಣುತ್ತಿರುವ ಚಿತ್ರ, ಕಾಣಬೇಕಾದ ಚಿತ್ರ, ಬೇರೆ ಫಾಂಟ್‌ನಲ್ಲಿ ಸರಿಯಿದೆಯೇ ಎಂಬ ಮಾಹಿತಿ. ಇಷ್ಟಿದ್ದರೆ ತಪ್ಪು ಲೈಬ್ರರಿಯದ್ದೋ ಫಾಂಟಿನದ್ದೋ ಎಂಬುದು ಹತ್ತು ನಿಮಿಷದಲ್ಲಿ ತಿಳಿಯುತ್ತದೆ.

ಮುಂಬೈ, ದೆಹಲಿಯಿಂದ ಹಿಡಿದು ಹೊರನಾಡಿನ ಎಲ್ಲ ಕಡೆ ಕನ್ನಡ ಸಂಘಗಳಿವೆ, ನವೆಂಬರ್‌ನಲ್ಲಿ ರಾಜ್ಯೋತ್ಸವ ನಡೆಯುತ್ತದೆ. ಹಾಡು, ನಾಟಕ, ಊಟದ ಜತೆಗೆ ಒಂದು ಮಧ್ಯಾಹ್ನ ಹತ್ತು ಜನ ಲ್ಯಾಪ್‌ಟಾಪ್ ಹಿಡಿದು ಕೂತು, ಓಪನ್ ಸೋರ್ಸ್ ಯೋಜನೆಗಳಲ್ಲಿ ಕನ್ನಡದ ಬಗ್ಗೆ ತೆರೆದಿರುವ ದೂರುಗಳನ್ನು ಒಂದೊಂದಾಗಿ ಪರೀಕ್ಷಿಸಿದರೆ ಹೇಗೆ? ಕೋಡ್ ಬರುವವರು ಬೈಸೆಕ್ಟ್ ಮಾಡಲಿ, ಬಾರದ ಮೇಷ್ಟ್ರು ಯಾವ ಅಕ್ಷರ ಹೇಗಿರಬೇಕು ಎಂದು ಬರೆದುಕೊಡಲಿ. ಸಂಜೆಯ ಹೊತ್ತಿಗೆ ಐದು ದೂರುಗಳು ತೀರ್ಮಾನಕ್ಕೆ ಬಂದರೂ ಸಾಕು. ಆ ತಿದ್ದುಪಡಿ ಮುಂದಿನ ಆವೃತ್ತಿಯಲ್ಲಿ ಊರಿನಲ್ಲಿರುವ ಅಪ್ಪ ಅಮ್ಮನ ಫೋನಿಗೂ ತಲುಪುತ್ತದೆ.